ಬೋರ್ಡು ಹಾಕದ ಮನೆಗಳು: ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹುಡುಕಾಟ ಮತ್ತು ದುರಸ್ತಿ

(ಹಳೆಯ ಮನೆಯನ್ನು ಕೊಂಡು ಉಳಿಸಿಕೊಳ್ಳಬೇಕೆಂಬ ಆಸೆಯುಳ್ಳವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ.)

ಸಭಿಕರೆಲ್ಲರಿಗೂ ನಮಸ್ಕಾರ.

ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಅಡ್ಡರಸ್ತೆಗಳಲ್ಲಿ ಓಡಾಡುವವರು ಬೀಗ ಹಾಕಿದ ಗೇಟುಗಳ ಮೇಲೆ ‘ಈ ಆಸ್ತಿ ಮಾರಾಟಕ್ಕಿಲ್ಲ’ ಎಂಬ ಫಲಕವನ್ನು ಕಂಡೇ ಇರುತ್ತೀರಿ. ಮಾರುವ ಉದ್ದೇಶವಿಲ್ಲದವರು ಅದನ್ನು ಸಾರಿ ಹೇಳುವ ಅಗತ್ಯವೇನು ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಆ ಫಲಕದ ಹಿಂದೆ ಕಾರಣಗಳಿರುತ್ತವೆ: ಮಾಲೀಕರು ಊರಲ್ಲಿಲ್ಲದಿರುವಾಗ ಯಾರಾದರೂ ನಕಲಿ ಪತ್ರ ಸೃಷ್ಟಿಸಿ ಮಾರಿಬಿಟ್ಟಾರೆಂಬ ಭಯ, ಪಾಲುದಾರರಲ್ಲೇ ಒಬ್ಬರು ಉಳಿದವರಿಗೆ ತಿಳಿಯದಂತೆ ಮುಂಗಡ ಪಡೆದಾರೆಂಬ ಅನುಮಾನ, ವಾರಕ್ಕೊಬ್ಬರಂತೆ ಬಾಗಿಲು ತಟ್ಟುವ ದಲ್ಲಾಳಿಗಳ ಕಾಟ. ಈ ಹೊತ್ತಿನ ನನ್ನ ಮಾತೆಲ್ಲ ಇಂಥ, ಮಾರಾಟದ ಬೋರ್ಡು ಹಾಕದ ಮನೆಗಳ ಬಗ್ಗೆ. ವೃತ್ತಿಯಿಂದ ನಾನು ಸಿವಿಲ್ ಎಂಜಿನಿಯರ್. ಹಳೆಯ ಮನೆಗಳ ದುರಸ್ತಿಯೇ ನನ್ನ ಕಸುಬು. ಮನೆ ಕೊಳ್ಳುವ ಮೊದಲು ನನ್ನನ್ನು ಕರೆದು ತೋರಿಸುವವರಿಗಿಂತ ಕೊಂಡ ಮೇಲೆ ಕರೆಯುವವರೇ ಹೆಚ್ಚಾದ್ದರಿಂದ, ಕೊಳ್ಳುವ ಹಂತದ ಬಗ್ಗೆಯೂ ನನಗೆ ಹೇಳುವುದು ಸಾಕಷ್ಟಿದೆ.

ಈ ಬಡಾವಣೆಗಳಲ್ಲಿ ಜಾಹೀರಾತಿಗೆ ಬಾರದ ಮನೆ ಎಂದರೆ ಬಹುಪಾಲು ಕುಟುಂಬದೊಳಗೆ ಇನ್ನೂ ತೀರ್ಮಾನವಾಗದ ಮನೆ. ಹೀಗಾಗಿ ಹುಡುಕುವವನು ತಿಳಿದುಕೊಳ್ಳಬೇಕಾದದ್ದು ಆ ತೀರ್ಮಾನ ಎಲ್ಲಿಯವರೆಗೆ ಬಂದಿದೆ, ಯಾರ ಬಳಿ ನಿಂತಿದೆ, ಏಕೆ ನಿಂತಿದೆ ಎಂಬುದನ್ನು. ಇದು ತಿಳಿಯದೆ ದರ ಮಾತನಾಡುವುದಕ್ಕೆ ಅರ್ಥವಿಲ್ಲ.

ಇದಕ್ಕೆ ಬಡಾವಣೆಗಳ ಚರಿತ್ರೆಯಲ್ಲಿಯೇ ಕಾರಣವಿದೆ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದ ಕುಟುಂಬಗಳು ಆಗತಾನೇ ರೂಪುಗೊಳ್ಳುತ್ತಿದ್ದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ನೆಲೆಸಿದವು. ನೇರವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಕಸ, ಕೊಳಕು ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಇದ್ದ ಆ ವಿನ್ಯಾಸವೇ ಇವತ್ತಿಗೂ ಆ ಬಡಾವಣೆಗಳಿಗೆ ಬೇಡಿಕೆ ತಂದಿರುವುದು. 1945ರಲ್ಲಿ ಬಡಾವಣೆ ರೂಪಿಸಿ ಸೈಟು ಹಂಚುವ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ (ಸಿಐಟಿಬಿ) ಸ್ಥಾಪನೆಯಾಯಿತು. ಜಯನಗರಕ್ಕೆ 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದರು. 1976ರ ಕಾಯಿದೆಯಿಂದ ಸಿಐಟಿಬಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದಿತು. ಅಂದರೆ ನೀವು ನೋಡುತ್ತಿರುವ ಮನೆ ತಾತನೋ ಮುತ್ತಾತನೋ ಕಟ್ಟಿಸಿದ್ದು. ಅದು ಈಗ ಮೂರನೆಯ ಅಥವಾ ನಾಲ್ಕನೆಯ ತಲೆಮಾರಿನ ಕೈಗೆ ಬಂದಿದೆ, ಮತ್ತು ಆ ತಲೆಮಾರು ಬೆಂಗಳೂರು, ಪುಣೆ, ಸಿಂಗಪುರ, ಕ್ಯಾಲಿಫೋರ್ನಿಯಾಗಳಲ್ಲಿ ಹರಡಿಕೊಂಡಿದೆ.

ಬೆಲೆಯ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹಳೆಯ ಮನೆಗೆ ಯಾರೂ ಮನೆಯೆಂದು ಬೆಲೆ ಕಟ್ಟುವುದಿಲ್ಲ. ಸೈಟಿನ ಚದರಡಿಗೆ ಇಷ್ಟು ಎಂದು ಲೆಕ್ಕ ಹಾಕಿ ಕಟ್ಟಡಕ್ಕೆ ಸೊನ್ನೆ ಬರೆಯುತ್ತಾರೆ. ಕಟ್ಟಡಕ್ಕೆ ಬೆಲೆ ಕಟ್ಟುವವನೆಂದರೆ ಕೆಡವುವ ಗುತ್ತಿಗೆದಾರನೊಬ್ಬನೇ: ತೇಗದ ತೊಲೆ, ಬಾಗಿಲುವಾಡ, ಕಿಟಕಿಯ ಸರಳು, ಹೆಂಚು, ಸೈಜುಗಲ್ಲು ಎಲ್ಲವನ್ನೂ ಅವನು ಎಣಿಸಿ ಮಾಲೀಕರಿಗೇ ಹಣ ಕೊಟ್ಟು ಹೊತ್ತೊಯ್ಯುತ್ತಾನೆ. ಮನೆಯನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಇದು ಒಂದು ಕಡೆ ಅನುಕೂಲ, ಇನ್ನೊಂದು ಕಡೆ ಕಷ್ಟ. ಕಟ್ಟಡ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ. ಆದರೆ ಅದೇ ಸೈಟಿನ ಮೇಲೆ ನಾಲ್ಕು ಮಹಡಿ ಎಬ್ಬಿಸುವ ಲೆಕ್ಕದಲ್ಲಿ ಬೆಲೆ ಹೇಳುವ ಬಿಲ್ಡರ್ ಜೊತೆ ನೀವು ಪೈಪೋಟಿ ನಡೆಸಬೇಕಾಗುತ್ತದೆ. ಬಿಲ್ಡರ್ ಕೊಡಲಾಗದ ಒಂದನ್ನು ನೀವು ಕೊಡಬಲ್ಲಿರಿ. ಮಾಲೀಕರ ಸೈಟಿನಲ್ಲಿ ಬಿಲ್ಡರ್ ಕಟ್ಟಿ ಫ್ಲ್ಯಾಟುಗಳಲ್ಲಿ ಪಾಲು ಕೊಡುವ ಜಂಟಿ ಅಭಿವೃದ್ಧಿ ಒಪ್ಪಂದವಾದರೆ ಮಾಲೀಕರು ವರ್ಷಗಟ್ಟಲೆ ಕಾಯಬೇಕು, ಮುಗಿದ ಫ್ಲ್ಯಾಟುಗಳನ್ನು ತಮ್ಮೊಳಗೆ ಮತ್ತೆ ಹಂಚಿಕೊಳ್ಳಬೇಕು. ಎಂಬತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ ಒಂದೇ ಸಲಕ್ಕೆ ಪೂರ್ತಿ ಹಣ ಕೊಟ್ಟು ನೋಂದಣಿ ಮುಗಿಸುವ ಖರೀದಿದಾರನಿಗೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಲು ಒಪ್ಪುವುದುಂಟು. ಅಪ್ಪ ಕಟ್ಟಿಸಿದ ಮನೆ ನಿಂತಿರುತ್ತದೆ ಎಂಬ ಕಾರಣಕ್ಕೇ ಒಪ್ಪಿದವರನ್ನೂ ನಾನು ಬಲ್ಲೆ. ಅಂಥವರು ಕಡಿಮೆ, ಆದರೆ ಇದ್ದಾರೆ.

ಇನ್ನು ಹುಡುಕುವ ಬಗೆ. ಮೊದಲು ಒಂದು ಬಡಾವಣೆಯಲ್ಲಿ ಹತ್ತು ಹನ್ನೆರಡು ಅಡ್ಡರಸ್ತೆಗಳನ್ನು ಆರಿಸಿಕೊಂಡು ಅಲ್ಲಿಯೇ ಮತ್ತೆ ಮತ್ತೆ ನಡೆಯಬೇಕು, ಬೆಳಿಗ್ಗೆ ಒಮ್ಮೆ, ದೀಪ ಹೊತ್ತುವ ಸಮಯಕ್ಕೆ ಒಮ್ಮೆ. ಗೇಟಿನ ಒಳಗೆ ಬೆಸ್ಕಾಂ ಬಿಲ್ಲುಗಳು ಬಿದ್ದು ಬಣ್ಣಗೆಟ್ಟಿದ್ದರೆ, ತುಳಸಿಕಟ್ಟೆಯಲ್ಲಿ ಕಡ್ಡಿ ಮಾತ್ರ ಉಳಿದಿದ್ದರೆ, ಸಂಜೆ ಒಂದೇ ಕೋಣೆಯಲ್ಲಿ ದೀಪ ಕಂಡರೆ ಆ ಮನೆಯ ಸ್ಥಿತಿ ಅರ್ಥವಾಗುತ್ತದೆ. ಆಮೇಲಿನ ಮಾಹಿತಿಯನ್ನು ಕೊಡುವವರು ಆ ಬೀದಿಯ ಜನ: ಮೂಲೆಯ ಮರದಡಿ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡವರು, ಹಾಲಿನ ಬೂತಿನವರು, ಮನೆಮನೆಗೆ ಹೂವು ಕೊಡುವವರು, ದೇವಸ್ಥಾನದ ಅರ್ಚಕರು. ಅವರನ್ನು ‘ಈ ಮನೆ ಮಾರಾಟಕ್ಕಿದೆಯೇ’ ಎಂದು ಕೇಳಿದರೆ ‘ಗೊತ್ತಿಲ್ಲ ಸಾರ್’ ಎಂಬ ಉತ್ತರ ಬರುತ್ತದೆ, ಮತ್ತು ಅದು ನ್ಯಾಯವಾದ ಉತ್ತರ. ‘ಈ ಮನೆಯನ್ನು ನೋಡಿಕೊಳ್ಳುವವರು ಯಾರು’ ಎಂದು ಕೇಳಿದರೆ ಮೈಸೂರಿನಲ್ಲಿರುವ ಮಗಳ ಸುದ್ದಿ, ತಿಂಗಳಿಗೊಮ್ಮೆ ಬಂದು ಹೋಗುವ ಸೋದರಳಿಯನ ಸುದ್ದಿ ತಾನಾಗಿ ಬರುತ್ತದೆ.

ದಲ್ಲಾಳಿಗಳನ್ನು ಹೀಗಳೆಯುವುದು ನಮ್ಮಲ್ಲಿ ರೂಢಿ. ಆದರೆ ಅದೇ ಬಡಾವಣೆಯಲ್ಲಿ ಮೂವತ್ತು ವರ್ಷ ಕಳೆದ ದಲ್ಲಾಳಿಗೆ ಯಾವ ಮನೆಯಲ್ಲಿ ದಾವೆ ನಡೆಯುತ್ತಿದೆ, ಯಾವ ಮನೆಯ ಮೂಲಪತ್ರ ಬ್ಯಾಂಕಿನಲ್ಲಿದೆ ಎಂಬುದು ವಕೀಲರಿಗಿಂತ ಮೊದಲು ಗೊತ್ತಿರುತ್ತದೆ. ಅಂಥ ಒಬ್ಬರನ್ನು ಹಿಡಿದು, ಕಮಿಷನ್ ಎಷ್ಟೆಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳುವುದು ಒಳ್ಳೆಯದು. ದಿನಪತ್ರಿಕೆಗಳ ಒಳಪುಟದಲ್ಲಿ ವಕೀಲರು ಕೊಡುವ ‘ಸಾರ್ವಜನಿಕ ಪ್ರಕಟಣೆ’ಗಳನ್ನು ಓದುವ ಅಭ್ಯಾಸವನ್ನೂ ಇಟ್ಟುಕೊಳ್ಳಿ. ನಮ್ಮ ಕಕ್ಷಿದಾರರು ಇಂಥ ಷೆಡ್ಯೂಲ್ ಸ್ವತ್ತನ್ನು ಕೊಳ್ಳಲಿದ್ದಾರೆ, ಆಕ್ಷೇಪಣೆ ಇದ್ದವರು ಇಷ್ಟು ದಿನದೊಳಗೆ ತಿಳಿಸಿ ಎಂಬ ಒಣ ಸಾಲುಗಳಲ್ಲಿ ಒಂದು ಬೀದಿಯಲ್ಲಿ ಏನು ನಡೆಯುತ್ತಿದೆ ಎಂಬ ವಿವರವೆಲ್ಲ ಇರುತ್ತದೆ.

ಸಮಯದ ತಿಳಿವಳಿಕೆಯೂ ಬೇಕು. ಹಿರಿಯರು ತೀರಿಕೊಂಡ ಮನೆಯಲ್ಲಿ ವರ್ಷಾಂತಿಕ ಮುಗಿಯುವವರೆಗೆ ಮಾರುವ ಮಾತೆತ್ತಬಾರದು. ಎತ್ತಿದವರನ್ನು ಆ ಕುಟುಂಬ ಮರೆಯುವುದಿಲ್ಲ. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಮುಂಗಡ ಕೊಡುವವರು, ಪಡೆಯುವವರು ಇಬ್ಬರೂ ವಿರಳ, ಆದ್ದರಿಂದಲೇ ಆ ದಿನಗಳು ಪತ್ರಗಳನ್ನು ಓದಿಸಲು ಪ್ರಶಸ್ತ. ವಿದೇಶದಲ್ಲಿರುವ ಮಕ್ಕಳು ಡಿಸೆಂಬರ್ ಕೊನೆಯಲ್ಲಿ ಊರಿಗೆ ಬರುತ್ತಾರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕುಳಿತು ಮನೆಯ ವಿಚಾರ ತೆಗೆಯುವುದು ಆ ಎರಡು ಮೂರು ವಾರಗಳಲ್ಲಿ. ಅದಕ್ಕಿಂತ ಮೊದಲೇ ನಿಮ್ಮದೊಂದು ಕಾಗದ ಆ ಮನೆಯ ಹಿರಿಯರ ಕೈಯಲ್ಲಿರಬೇಕು. ನೀವು ಯಾರು, ಈ ಬೀದಿಯಲ್ಲೇ ಏಕೆ ಮನೆ ಬೇಕು, ಹಣದ ಏರ್ಪಾಡು ಹೇಗೆ, ಮನೆಯನ್ನು ಏನು ಮಾಡುವಿರಿ ಎಂಬುದನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ, ಬೆಲೆಯ ಮಾತಿಲ್ಲದೆ ಬರೆದುಕೊಟ್ಟರೆ ಸಾಕು. ವಾಟ್ಸ್ಆ್ಯಪ್ ಸಂದೇಶಕ್ಕೆ ಇಲ್ಲದ ತೂಕ ಕಾಗದಕ್ಕೆ ಇಂದಿಗೂ ಇದೆ.

ಒಪ್ಪಿಗೆಯ ಕಾನೂನಿನ ಮುಖಕ್ಕೆ ಬರೋಣ. ನಾನು ವಕೀಲನಲ್ಲ, ಇಲ್ಲಿ ಹೇಳುವುದು ಮನೆ ಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದಷ್ಟು ಮಾತ್ರ. ತಂದೆ ತನ್ನ ಸ್ವಂತ ಸಂಪಾದನೆಯಿಂದ ಕೊಂಡ ಮನೆಯನ್ನು ಉಯಿಲು ಬರೆಯದೆ ಬಿಟ್ಟುಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮವನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರತುಪಡಿಸಿ, ಜಾರಿಗೆ ತಂದಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ವಿನಾಯಿತಿಯನ್ನೂ ತೆಗೆದುಹಾಕಿತು. ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ‘ತಂಗಿಯರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ಅವರದೇನೂ ತಕರಾರಿಲ್ಲ’ ಎಂಬ ಮಾತನ್ನು ಹಳೆಯ ಮನೆಗಳ ಪಡಸಾಲೆಯಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ತಕರಾರಿಲ್ಲದ ತಂಗಿ ನೋಂದಣಿ ಕಚೇರಿಗೆ ಬಂದು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. ಮೂರನೆಯ ದಾರಿ ಇಲ್ಲ.

ಒಬ್ಬ ಪಾಲುದಾರನ ಪಾಲನ್ನು ಮಾತ್ರ ಮೊದಲು ಕೊಂಡು, ಉಳಿದದ್ದನ್ನು ನಿಧಾನವಾಗಿ ಕೊಂಡರಾಯಿತು ಎಂಬ ಸಲಹೆ ಕೊಡುವವರಿದ್ದಾರೆ. ಬೆಲೆ ಕಡಿಮೆಯಿರುವುದರಿಂದ ಆಸೆಯೂ ಆಗುತ್ತದೆ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಕಲಮಿನಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಉಳಿದವರೊಂದಿಗೆ ಆ ಮನೆಯಲ್ಲಿ ಜಂಟಿ ಸ್ವಾಧೀನ ಕೇಳುವ ಹಕ್ಕಿಲ್ಲ. ವಿಭಾಗಕ್ಕೆಂದು ಅವನು ದಾವೆ ಹೂಡಿದರೆ, 1893ರ ವಿಭಾಗ ಕಾಯಿದೆಯ 4ನೆಯ ಕಲಮಿನಂತೆ ಕುಟುಂಬದವರೇ ಅವನ ಪಾಲನ್ನು ಕೊಂಡು ಅವನನ್ನು ಹೊರಗೆ ಕಳಿಸಬಹುದು. ಹಣ ಹಾಕಿ ನ್ಯಾಯಾಲಯದ ಮೆಟ್ಟಿಲು ಕೊಳ್ಳುವ ವ್ಯವಹಾರ ಅದು.

ಪತ್ರಗಳಲ್ಲಿ ಮೂಲ ಕ್ರಯಪತ್ರದಿಂದ ಇಂದಿನವರೆಗೆ ಕೊಂಡಿ ತಪ್ಪದಂತೆ ಬರಬೇಕು. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೆ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕಗಳಿಂದ ತೆಗೆಸಬೇಕು, ಈ ಬಡಾವಣೆಗಳ ಮನೆಗಳಿಗೆ ಅಸಲು ವಿಚಾರವಿರುವುದು ಆ ಹಿಂದಿನ ಪುಟಗಳಲ್ಲೇ. ಸಿಐಟಿಬಿ ಹಂಚಿದ ಸೈಟುಗಳಲ್ಲಿ ಮೊದಲು ಗುತ್ತಿಗೆ, ಅವಧಿ ಮುಗಿದ ಮೇಲೆ ಮಾರಾಟ ಎಂಬ ಲೀಸ್-ಕಂ-ಸೇಲ್ ಕರಾರು ಇದ್ದು, ಆಮೇಲೆ ಮಾಡಿಸಬೇಕಾಗಿದ್ದ ಶುದ್ಧ ಕ್ರಯಪತ್ರವನ್ನು ಕುಟುಂಬ ಮಾಡಿಸದೇ ಬಿಟ್ಟಿರುವುದುಂಟು. ಪತ್ರಗಳ ನಕಲು ತೋರಿಸಿ ಅಸಲು ತೋರಿಸದಿದ್ದರೆ ಅಲ್ಲಿ ಸಾಲವೋ ಜಗಳವೋ ಇದೆ ಎಂದೇ ತಿಳಿಯಬೇಕು. 2024ರ ಅಕ್ಟೋಬರ್‌ನಿಂದ ನಗರದಲ್ಲಿ ಇ-ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ, ಇಲ್ಲದೆ ನೋಂದಣಿಯಾಗುವುದಿಲ್ಲ. ಖಾತೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ವಂಶವೃಕ್ಷ, ಮರಣ ಪ್ರಮಾಣಪತ್ರಗಳೊಂದಿಗೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಬೇಕಾಗುವ ಕಾಲವನ್ನು ಕರಾರಿನ ಅವಧಿಯಲ್ಲಿ ಸೇರಿಸಿಕೊಳ್ಳಿ. ವಿದೇಶದಿಂದ ಬರುವ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನು ಬರೆದುಕೊಟ್ಟವರು ತೀರಿಕೊಂಡರೆ ಆ ಪತ್ರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಬರಿಯ ಅಧಿಕಾರ ಪತ್ರ ಮತ್ತು ಕರಾರಿನ ಬಲದ ಮೇಲೆ ‘ಕೊಂಡ’ ಮನೆ ನಿಮ್ಮದಾಗುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ.

ಹಣದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ಶೇ. 5.6. ಮೂರು ಕೋಟಿಯ ಮನೆಗೆ 22.8 ಲಕ್ಷ ರೂಪಾಯಿ ಸರ್ಕಾರಕ್ಕೇ ಹೋಗುತ್ತದೆ ಎಂದಾಯಿತು. ಮಾರುವವರು ಇಲ್ಲಿಯ ನಿವಾಸಿಗಳಾದರೆ 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಖರೀದಿಯಲ್ಲಿ ಶೇ. 1ರಷ್ಟು ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಅನಿವಾಸಿ ಭಾರತೀಯರ ಪಾಲಿಗೆ ಆ ಶೇ. 1 ಅನ್ವಯಿಸುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚಿನ ದರವಿದೆ. ಐದು ಪಾಲುದಾರರಲ್ಲಿ ಇಬ್ಬರು ಅಮೆರಿಕದಲ್ಲಿದ್ದರೆ ಒಂದೇ ಕ್ರಯಪತ್ರದಲ್ಲಿ ಎರಡು ಬಗೆಯ ಕಡಿತ ಬರುತ್ತದೆ, ಲೆಕ್ಕಪರಿಶೋಧಕರನ್ನು ಮೊದಲೇ ಕೂರಿಸಿಕೊಳ್ಳಿ. ‘ಇಷ್ಟು ಚೆಕ್ಕು, ಇಷ್ಟು ನಗದು’ ಎಂಬ ಮಾತು ಬಂದರೆ ನಯವಾಗಿ ಎದ್ದು ಬನ್ನಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ.

ಇನ್ನು ನನ್ನ ಕಸುಬಿನ ಭಾಗ. ಮುಂಗಡ ಕೊಡುವ ಮೊದಲೇ ಮನೆಯನ್ನು ಒಮ್ಮೆ ಮಳೆಯಲ್ಲಿ ನೋಡಬೇಕು. ಬಿಸಿಲಿನಲ್ಲಿ ಎಲ್ಲ ಹಳೆಯ ಮನೆಗಳೂ ಚೆಂದವೇ. ಛತ್ರಿ ಹಿಡಿದು ಹೋಗಿ, ತಾರಸಿಯ ನೀರು ಯಾವ ಮೂಲೆಗೆ ಹರಿಯುತ್ತದೆ, ಸೂರಿನಂಚಿನ ದೋಣಿಯಿಂದ ಬಿದ್ದ ನೀರು ಗೋಡೆಯ ಬುಡದಿಂದ ಎಷ್ಟು ದೂರಕ್ಕೆ ಹೋಗುತ್ತದೆ, ಹಿಂದಿನ ಗಲ್ಲಿಯ ಚರಂಡಿ ತುಂಬಿದಾಗ ಬಚ್ಚಲಿಗೆ ನೀರು ವಾಪಸು ಬರುತ್ತದೆಯೇ ಎಂಬುದನ್ನು ನೋಡಿ. ಹಳೆಯ ಮನೆಯನ್ನು ಕೆಡಿಸುವುದರಲ್ಲಿ ನೀರಿಗೇ ಮೊದಲ ಸ್ಥಾನ, ಗೆದ್ದಲು ಅದರ ಹಿಂದೆ ಬರುತ್ತದೆ.

ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸೂರು ಕಾಣುತ್ತದೆ. ಒಂದು ಮಂಗಳೂರು ಹೆಂಚಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ಎಲ್ಲೆಡೆ ಹರಡಿತು. ಇದರ ದುರಸ್ತಿ ಸುಲಭ: ಹೆಂಚುಗಳನ್ನು ಇಳಿಸಿ, ತೊಳೆದು, ಒಡೆದವನ್ನು ಬೇರ್ಪಡಿಸಿ, ಹೆಂಚು ಕೂರುವ ಮರದ ಪಟ್ಟಿಗಳಾದ ರೀಪರುಗಳನ್ನು ಬದಲಿಸಿ ಮತ್ತೆ ಹೊದಿಸಬಹುದು, ಕೆಡವಿದ ಮನೆಗಳ ಹೆಂಚು ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಇನ್ನೊಂದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ಒತ್ತಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಜೆಲ್ಲಿ ಮತ್ತು ಸುಣ್ಣದ ಪದರವನ್ನು ಬಡಿದು ಗಟ್ಟಿ ಮಾಡಿ, ಕೊನೆಗೆ ಚಪ್ಪಟೆ ಬಿಲ್ಲೆಗಳನ್ನು ಹೊದಿಸಿರುತ್ತಾರೆ. ಒಳಗಿನಿಂದ ತಲೆಯೆತ್ತಿ ನೋಡಿದರೆ ತೊಲೆಗಳ ನಡುವೆ ಇಟ್ಟಿಗೆಯ ಓರೆ ಸಾಲುಗಳು ಕಾಣುತ್ತವೆ. ಬೇಸಿಗೆಯಲ್ಲಿ ಈ ಸೂರಿನ ಕೆಳಗೆ ಕುಳಿತವರು ಕಾಂಕ್ರೀಟು ಸೂರಿಗೆ ಬದಲಾಯಿಸಿಕೊಳ್ಳಲು ಹಿಂಜರಿಯುತ್ತಾರೆ.

ಈ ತಾರಸಿಯ ಕಾಯಿಲೆ ಎಲ್ಲಿರುತ್ತದೆ ಎಂಬುದನ್ನು ಮಲ್ಲೇಶ್ವರದ ಒಂದು ಮನೆಯ ಉದಾಹರಣೆಯಿಂದ ಹೇಳುತ್ತೇನೆ. ನಡುಮನೆಯ ಸೂರಿನಲ್ಲಿ ಒಂಬತ್ತು ತೊಲೆಗಳಿದ್ದವು, ಎಲ್ಲವೂ ತೇಗ, ನೋಡಲು ಒಂದರಲ್ಲೂ ಬಿರುಕಿಲ್ಲ. ಮೇಸ್ತ್ರಿ ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ಪ್ರತಿ ತೊಲೆಯನ್ನೂ ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತ ಬಂದರು. ನಡುವಿನಲ್ಲಿ ಎಲ್ಲವೂ ಟಣಟಣ ಎಂದವು. ಪಶ್ಚಿಮದ ಗೋಡೆಗೆ ಸೇರುವ ಜಾಗದಲ್ಲಿ ಮೂರು ತೊಲೆಗಳ ಸದ್ದು ಬದಲಾಯಿತು, ಬೊದ್ದಾಗಿ ಕೇಳಿಸಿತು. ಸ್ಕ್ರೂಡ್ರೈವರ್ ಚುಚ್ಚಿದರೆ ಮೂರು ಬೆರಳಿನಷ್ಟು ಆಳಕ್ಕೆ ಸಲೀಸಾಗಿ ಇಳಿಯಿತು. ಅದರ ನೇರ ಮೇಲೆ ತಾರಸಿಯಲ್ಲಿ ನೀರಿನ ದೋಣಿ ಕಟ್ಟಿಕೊಂಡಿತ್ತು. ನೀರು ವರ್ಷಗಳಿಂದ ಗೋಡೆಯೊಳಗೆ ಇಳಿದು, ಗೋಡೆಯಲ್ಲಿ ಹುದುಗಿದ್ದ ತೊಲೆಯ ತುದಿಯನ್ನು ಕೊಳೆಯಿಸಿತ್ತು. ಮದ್ರಾಸ್ ತಾರಸಿಯಲ್ಲಿ ಮೊದಲು ಹೋಗುವುದು ಹೀಗೆ ಕಣ್ಣಿಗೆ ಕಾಣದ ತುದಿ. ಆ ಮನೆಯಲ್ಲಿ ಮೊದಲು ತಾರಸಿಯ ಇಳಿಜಾರು ಸರಿಪಡಿಸಿದೆವು. ಆಮೇಲೆ ಕೆಳಗೆ ಜಾಕಿ ಕೊಟ್ಟು, ಗೋಡೆಗೆ ಒತ್ತಾಗಿ ಆ ಮೂರೂ ತೊಲೆಗಳ ಕೆಳಗೆ ಅಡ್ಡಲಾಗಿ ಒಂದು ಕಬ್ಬಿಣದ ಗರ್ಡರ್ ಕೂರಿಸಿದೆವು. ಸೂರನ್ನು ಬಿಚ್ಚಬೇಕಾಗಲಿಲ್ಲ. ಇಡೀ ಸೂರು ತೆಗೆದು ಆರ್‌ಸಿಸಿ ಹಾಕಿಬಿಡಿ ಎಂದು ಅದೇ ಮನೆಗೆ ಮೊದಲು ಸಲಹೆ ಬಂದಿತ್ತು.

ಅಂಥ ಸೂರಿನ ಮೇಲೆ ನೀರಿನ ಟ್ಯಾಂಕು ಇಡುವುದನ್ನು ನಾನು ಒಪ್ಪುವುದಿಲ್ಲ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ. ಟ್ಯಾಂಕಿಗೆ ಹಿತ್ತಿಲಲ್ಲಿ ಪ್ರತ್ಯೇಕ ಕಬ್ಬಿಣದ ಸ್ಟ್ಯಾಂಡ್ ಕಟ್ಟಿಸಿ. ಗೋಡೆಗಳ ವಿಚಾರದಲ್ಲಿಯೂ ಇದೇ ಎಚ್ಚರಿಕೆ ಬೇಕು. ಈ ಮನೆಗಳಲ್ಲಿ ಕಂಬ, ಬೀಮುಗಳಿಲ್ಲ. ಭಾರವನ್ನೆಲ್ಲ ಗೋಡೆಗಳೇ ಹೊತ್ತಿವೆ. ಅಡುಗೆಮನೆಯನ್ನೂ ನಡುಮನೆಯನ್ನೂ ಒಂದು ಮಾಡುವ ಇಂದಿನ ಹವ್ಯಾಸಕ್ಕೆ ನಡುವಿನ ಗೋಡೆ ತೆಗೆದರೆ ಮೇಲಿನ ತೊಲೆಗಳಿಗೆ ಆಧಾರವೇ ಹೋಗುತ್ತದೆ. ಅಗಲವಾದ ಬಾಗಿಲಿನಷ್ಟು ತೆರೆದು ಮೇಲೆ ಭಾರ ಹೊರುವ ಸರಿಯಾದ ಲಿಂಟಲ್, ಅಂದರೆ ಅಡ್ಡತೊಲೆ, ಕೊಡುವುದು ಸಾಧ್ಯ. ಅದೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿದ ಮೇಲೆ.

ಸುಣ್ಣದ ಗೋಡೆಗೆ ಸಿಮೆಂಟು ಬಳಿಯುವುದರಿಂದ ಹಾಳಾದಷ್ಟು ಮನೆಗಳು ವಯಸ್ಸಿನಿಂದ ಹಾಳಾಗಿಲ್ಲ ಎಂದು ನಾನು ಹೇಳಬಲ್ಲೆ. ಹಳೆಯ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರವಿರುವುದಿಲ್ಲ. ನೆಲದ ತೇವ ಇಟ್ಟಿಗೆಯ ಮೂಲಕ ಏರಿ, ಸುಣ್ಣದ ಗಾರೆಯ ಮೂಲಕ ಆರಿಹೋಗುವಂತೆ ಆ ಗೋಡೆ ಇಷ್ಟು ವರ್ಷ ಬಾಳಿದೆ. ಅದರ ಮೇಲೆ ಗಟ್ಟಿ ಸಿಮೆಂಟಿನ ಪದರ, ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಮತ್ತಷ್ಟು ಮೇಲೇರುತ್ತದೆ. ಜೊತೆಯಲ್ಲಿ ತಂದ ಉಪ್ಪು ಪದರದ ಹಿಂದೆ ಹರಳುಗಟ್ಟಿ ಗೋಡೆ ಉಬ್ಬಿ ಉದುರುತ್ತದೆ. ಮಾಲೀಕರು ಅದನ್ನು ಕೆರೆದು ಇನ್ನೂ ಗಟ್ಟಿ ಸಿಮೆಂಟು ಹಾಕಿಸುತ್ತಾರೆ, ತೇವ ಕಿಟಕಿಯ ಮಟ್ಟಕ್ಕೆ ಬರುತ್ತದೆ. ಪರಿಹಾರ ಹಿಂದಕ್ಕೆ ಹೋಗುವುದೇ: ಸಿಮೆಂಟನ್ನು ಕೆತ್ತಿ ತೆಗೆದು, ಗೋಡೆಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಚೆನ್ನಾಗಿ ಅರಳಿದ ಸುಣ್ಣ ಒಂದು ಪಾಲಿಗೆ ಮರಳು ಅಥವಾ ಸುರ್ಕಿ (ಇಟ್ಟಿಗೆ ಪುಡಿ) ಎರಡರಿಂದ ಮೂರು ಪಾಲು ಬೆರೆಸಿದ ಗಾರೆಯನ್ನು ತೆಳುವಾಗಿ, ಪದರ ಪದರವಾಗಿ ಹಾಕಿಸಬೇಕು. ಬೆಲ್ಲದ ನೀರು, ಅಳಲೆಕಾಯಿಯ ನೀರು ಸೇರಿಸುವ ಪದ್ಧತಿಯನ್ನು ಬಲ್ಲ ಮೇಸ್ತ್ರಿಗಳು ಈಗಲೂ ಇದ್ದಾರೆ; ಅಂಥವರು ಸಿಕ್ಕರೆ ಅವರ ಬಿಡುವಿಗೆ ತಕ್ಕಂತೆ ನಿಮ್ಮ ಕೆಲಸವನ್ನು ಹೊಂದಿಸಿಕೊಳ್ಳಿ. ಸುಣ್ಣದ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ; ಒಂದು ಪದರ ಬಿಗಿಯುವ ಮೊದಲೇ ಇನ್ನೊಂದನ್ನು ಹೇರಿದರೆ ಎರಡೂ ಒಟ್ಟಿಗೆ ಬೀಳುತ್ತವೆ.

ಕೆಂಪು ರೆಡ್ ಆಕ್ಸೈಡ್ ನೆಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಳಿಸಿಕೊಳ್ಳಿ. ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಐವತ್ತು ವರ್ಷ ಕಾಲಾಡಿ ಬಂದ ಹೊಳಪನ್ನು ಯಾವ ಮೇಸ್ತ್ರಿಯೂ ಒಂದು ದಿನದಲ್ಲಿ ತರಲಾರ. ಹಾಗಾಗಿ ಕೆಟ್ಟ ಭಾಗವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದು, ಅಂಚಿಗೆ ಕಪ್ಪು ಆಕ್ಸೈಡಿನ ಪಟ್ಟಿ ಕೊಟ್ಟು ಹೊಸ ತುಂಡನ್ನು ಹೊಸದೆಂದೇ ತೋರಿಸುವುದು ನನ್ನ ಅಭ್ಯಾಸ. ಕಡೆಯದಾಗಿ ಮುಟ್ಟಬೇಕಾದದ್ದು ನೆಲ. ಅದಕ್ಕೂ ಮೊದಲೇ ಅದರ ಮೇಲೆ ಗೋಣಿತಟ್ಟು, ಪ್ಲೈವುಡ್ ಹಾಸಿ ಮುಚ್ಚಿಡದಿದ್ದರೆ ಉಳಿದ ಕೆಲಸದವರ ಕಾಲಿಗೆ ಅದು ಬಲಿಯಾಗುತ್ತದೆ.

ವೈರಿಂಗ್ ಮತ್ತು ನೀರಿನ ಕೊಳವೆಗಳಲ್ಲಿ ಭಾವುಕತೆಗೆ ಎಡೆಯಿಲ್ಲ, ಪೂರ್ತಿ ಬದಲಿಸಿ. ಮರದ ಪಟ್ಟಿಯ ಮೇಲಿನ ಹಳೆಯ ತಂತಿಗೆ ಇಂದಿನ ಗೀಸರು, ಎಸಿಗಳ ಹೊರೆ ತಡೆಯುವ ಶಕ್ತಿಯಿಲ್ಲ, ಎಷ್ಟೋ ಮನೆಗಳಲ್ಲಿ ಸರಿಯಾದ ಅರ್ಥಿಂಗೇ ಇಲ್ಲ. ಸತುವು ಲೇಪಿಸಿದ ಕಬ್ಬಿಣದ ಜಿಐ ಪೈಪುಗಳ ಒಳಗೆ ತುಕ್ಕು ಕಟ್ಟಿ ನೀರಿನ ದಾರಿ ಕಿರಿದಾಗಿರುತ್ತದೆ. ಹಿತ್ತಿಲಿನ ಸಿಮೆಂಟ್ ಶೀಟಿನ ಚಾವಣಿ ಕಲ್ನಾರಿನದಾಗಿರುವ (ಆಸ್ಬೆಸ್ಟಾಸ್) ಸಂಭವವೇ ಹೆಚ್ಚು. ಅದನ್ನು ಸುತ್ತಿಗೆಯಿಂದ ಒಡೆಯಬಾರದು. ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಹಳೆಯ ಬಾಗಿಲುಗಳ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಮರಳು ಕಾಗದದಿಂದ ಉಜ್ಜಿಸಬೇಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಬೇಡವೇ ಬೇಡ.

ಅನುಮತಿಗಳ ವಿಚಾರದಲ್ಲಿ ಎರಡು ಸಂಗತಿ. ಹಿತ್ತಿಲಿನ ಮಾವನ್ನೋ ಹಲಸನ್ನೋ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು, ಮರ ನಿಮ್ಮದೇ ಆದರೂ. 2009ರಲ್ಲಿ ಬಂದ ಜಲಮಂಡಳಿಯ ನಿಯಮದಂತೆ 60×40 ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಮನೆಯಲ್ಲಿ ಹಳೆಯ ತೆರೆದ ಬಾವಿಯಿದ್ದರೆ ಅದನ್ನು ಮುಚ್ಚಿಸಿ ಕಾರು ನಿಲ್ಲಿಸುವ ಯೋಚನೆ ಬಿಟ್ಟು, ತಾರಸಿಯ ನೀರನ್ನು ಸೋಸಿ ಅದಕ್ಕೇ ಇಳಿಸಿ.

ಖರ್ಚು ಎಷ್ಟಾಗುತ್ತದೆ ಎಂಬ ಪ್ರಶ್ನೆಗೆ ಚದರಕ್ಕೆ (ನೂರು ಚದರಡಿಗೆ) ಇಷ್ಟೆಂದು ಹೇಳುವವರನ್ನು ನಂಬಬೇಡಿ. ಹೊಸ ಮನೆಗೆ ಆ ಲೆಕ್ಕ ನಡೆಯುತ್ತದೆ, ಹಳೆಯದಕ್ಕೆ ನಡೆಯುವುದಿಲ್ಲ. ಗಾರೆ ಕೆತ್ತಿದ ಮೇಲೆಯೇ ಇಟ್ಟಿಗೆಯ ಸ್ಥಿತಿ ತಿಳಿಯುವುದು. ಆದ್ದರಿಂದ ಒಟ್ಟು ಗುತ್ತಿಗೆಗೆ ಕೊಡದೆ, ಸೂರು, ಚರಂಡಿ, ವೈರಿಂಗ್, ಗೋಡೆ, ನೆಲ ಎಂದು ಹಂತಗಳಾಗಿ ಒಡೆದು, ಪ್ರತಿ ಹಂತ ಮುಗಿದ ಮೇಲೆ ಮುಂದಿನದರ ಅಂದಾಜು ತೆಗೆದುಕೊಳ್ಳಿ. ಅಂದಾಜಿನ ಕಾಲು ಭಾಗದಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳಿ ಎಂಬುದು ನಾನು ಎಲ್ಲರಿಗೂ ಕೊಡುವ ಸಲಹೆ. ಬ್ಯಾಂಕುಗಳು ಸಾಲ ಕೊಡುವಾಗ ಕಟ್ಟಡದ ವಯಸ್ಸನ್ನು, ಉಳಿದ ಆಯುಷ್ಯವನ್ನು ನೋಡುತ್ತವೆ. ಖರೀದಿಯ ಸಾಲ ಮತ್ತು ದುರಸ್ತಿಯ ಸಾಲ ಎರಡರ ಮಾತನ್ನೂ ಮುಂಗಡಕ್ಕೆ ಮೊದಲೇ ಮುಗಿಸಿರಬೇಕು.

ಗೋಡೆಗಳನ್ನು ಮತ್ತೆ ಗಾರೆಯಿಂದ ಮುಚ್ಚುವ ಹಿಂದಿನ ದಿನ, ಪ್ರತಿ ಕೋಣೆಯ ಪ್ರತಿ ಗೋಡೆಯ ಮೇಲೂ ಅಳತೆ ಟೇಪು ಹಿಡಿದು ಫೋಟೋ ತೆಗೆಸಿ: ಕೊಳವೆ ಎಲ್ಲಿ ಹೋಗಿದೆ, ವೈರಿನ ಪೈಪು ನೆಲದಿಂದ ಎಷ್ಟು ಎತ್ತರದಲ್ಲಿದೆ, ಗರ್ಡರ್ ಯಾವ ತೊಲೆಗಳ ಕೆಳಗಿದೆ. ಅದರ ಒಂದು ಪ್ರತಿಯನ್ನು ಕ್ರಯಪತ್ರದ ಜೊತೆಯಲ್ಲೇ ಇಡಿ. ನಿಮ್ಮ ಮಕ್ಕಳೋ, ಅವರಿಂದ ಕೊಳ್ಳುವವರೋ ಮುಂದೆ ಅದೇ ಗೋಡೆಗೆ ಮೊಳೆ ಹೊಡೆಯುವ ಮೊದಲು ಅದನ್ನು ತೆಗೆದು ನೋಡುತ್ತಾರೆ.